ಅಡಿಕೆಗೆ ಮದ್ದು, ಮಂಡ್ಯಕ್ಕೆ ಕಬ್ಬು: ಕೋಲ್ಮನ್ ಸಾಹೇಬರ ಕತೆ

ಮಂಡ್ಯದಲ್ಲಿ ಬಸ್ಸು ಹತ್ತಿದವನು ಕಬ್ಬು ಅರೆಯುವ ಕಾಲದಲ್ಲಿ ಮೂಗಿನಿಂದಲೇ ಊರನ್ನು ಗುರುತಿಸುತ್ತಾನೆ. ಕಾಕಂಬಿಯ ವಾಸನೆ. ಎತ್ತಿನ ಗಾಡಿ, ಟ್ರ್ಯಾಕ್ಟರು, ಲಾರಿ ಸಾಲುಗಟ್ಟಿ ನಿಂತಿರುತ್ತವೆ. ಈ ಊರಿಗೆ ಕಬ್ಬು ಯಾರು ತಂದರು ಅಂತ ಕೇಳಿದರೆ ಅಂಗಡಿ ಮುಂಗಟ್ಟಿನವರೆಲ್ಲ ಎರಡು ಹೆಸರು ಹೇಳುತ್ತಾರೆ. ಒಂದು ವಿಶ್ವೇಶ್ವರಯ್ಯ, ಇನ್ನೊಂದು ನಾಲ್ವಡಿ ಕೃಷ್ಣರಾಜ ಒಡೆಯರು. ತಪ್ಪೇನಿಲ್ಲ. ಅಣೆಕಟ್ಟೆ ಕಟ್ಟಿಸಿದ್ದು ಅವರೇ, ನೀರು ಕೊಟ್ಟಿದ್ದು ಅವರೇ.

ಆದರೆ ನೀರು ಬಂದಮೇಲೆ ಹೊಲದಲ್ಲಿ ಏನು ಹಾಕಬೇಕು, ಬೆಳೆದದ್ದನ್ನು ಯಾರು ಕೊಳ್ಳಬೇಕು, ಬೆಳೆ ಕೈಗೆ ಬರುವವರೆಗೆ ರೈತ ಏನು ತಿನ್ನಬೇಕು? ಈ ಲೆಕ್ಕ ಹಾಕಿದವರಲ್ಲಿ ಮೂರನೇ ಮನುಷ್ಯನೊಬ್ಬ ಇದ್ದ. ಕೆನಡಾ ದೇಶದವನು. ಹೆಸರು ಲೆಸ್ಲಿ ಚಾರ್ಲ್ಸ್ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನದ ನೌಕರಿಗೆ ಬಂದು 1934ರವರೆಗೆ ಇಲ್ಲೇ ದುಡಿದು ಹೋದ. ಈತನ ಹೆಸರು ಕೃಷಿ ಕಾಲೇಜಿನ ಹುಡುಗರಿಗೆ ಪರೀಕ್ಷೆಗೆ ಬೇಕಾಗುವಷ್ಟು ಗೊತ್ತು. ಪೇಟೆ ಜನಕ್ಕೆ ಅಷ್ಟೂ ಗೊತ್ತಿಲ್ಲ.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ. ಕೆಲಕಾಲ ಶಾಲೆಯಲ್ಲಿ ಮೇಷ್ಟರಾಗಿದ್ದು, ಆಮೇಲೆ ಟೊರಾಂಟೋ ವಿಶ್ವವಿದ್ಯಾಲಯ ಸೇರಿ 1904ರಲ್ಲಿ ಪದವಿ ಪಡೆದರು. ಅಲ್ಲಿಂದ ಜರ್ಮನಿಯ ಗಟಿಂಗೆನ್‌ಗೆ ಹೋಗಿ ಮಣ್ಣಿನ ಸೂಕ್ಷ್ಮಜೀವಿಗಳು ಸಾರಜನಕವನ್ನು ಗಿಡಕ್ಕೆ ದಕ್ಕುವಂತೆ ಹೇಗೆ ಮಾಡುತ್ತವೆ ಎಂಬ ವಿಷಯದ ಮೇಲೆ ಡಾಕ್ಟರೇಟ್ ಮಾಡಿದರು. ಓದಿದ್ದು ಮಣ್ಣು, ಸಿಕ್ಕ ಕೆಲಸ ಮಾತ್ರ ಬೂಷ್ಟು ಮತ್ತು ಹುಳು! ಮೈಸೂರಿನಲ್ಲಿ ಆಗ ಕೆನಡಾದಿಂದಲೇ ಬಂದಿದ್ದ ಲೆಹ್ಮನ್ ಎಂಬ ಕೃಷಿ ರಸಾಯನ ತಜ್ಞರು ಇದ್ದರು. ಬೆಳೆಗೆ ಬರುವ ರೋಗ ಮತ್ತು ಕೀಟ ನೋಡಿಕೊಳ್ಳಲು ಒಬ್ಬರು ಬೇಕು ಅಂತ ಸರ್ಕಾರ ಹುಡುಕುತ್ತಿತ್ತು. ಮೂವತ್ತು ವರ್ಷದ ಕೋಲ್ಮನ್ ಬಂದಿಳಿದರು.

ಮಲೆನಾಡಿನ ಮಳೆ

ಬಂದವರಿಗೆ ಮೊದಲು ಸಿಕ್ಕ ದೊಡ್ಡ ತಲೆನೋವೇ ಅಡಿಕೆಯ ಕೊಳೆರೋಗ. ಇದು ನಮ್ಮ ಮಂಡ್ಯದ ಕತೆಯಲ್ಲ, ಶಿವಮೊಗ್ಗ ಕಡೂರು ಸೀಮೆಯ ಕತೆ. ಆದರೆ ಮುಂದೆ ಮಂಡ್ಯದಲ್ಲಿ ನಡೆದದ್ದು ಅರ್ಥವಾಗಬೇಕಾದರೆ ಮೊದಲು ಇದನ್ನು ತಿಳಿಯಬೇಕು.

ಜೂನ್ ಜುಲೈನಲ್ಲಿ ಮಲೆನಾಡಿನ ಮಳೆ ಹಿಡಿದರೆ ಬಿಡುವುದಿಲ್ಲ. ಹತ್ತು ಹದಿನೈದು ದಿನ ಜಡಿ ಮಳೆ ಹೊಡೆದು ನಡುವೆ ಒಂದಿಷ್ಟು ಬಿಸಿಲು ಬಂದರೆ ಸಾಕು, ಹಸಿ ಅಡಿಕೆಕಾಯಿಯ ತೊಟ್ಟಿನ ಹತ್ತಿರ ನೀರು ತುಂಬಿದಂಥ ಮಚ್ಚೆ ಕಾಣುತ್ತದೆ. ನಾಲ್ಕು ದಿನಕ್ಕೆ ಕಾಯಿ ಬಿಳಿ ಬೂಷ್ಟು ಹಿಡಿದು ಪಟಪಟ ಉದುರುತ್ತದೆ. ಜೋರು ವರ್ಷದಲ್ಲಿ ಅರ್ಧಕ್ಕೂ ಹೆಚ್ಚು ಫಸಲು ನೆಲದ ಪಾಲು. ಕೆಲವು ಸಲ ಮರದ ಸುಳಿಯೇ ಕೊಳೆತು ಮರವೂ ಹೋಗುತ್ತದೆ. ಭತ್ತ ಹೋದರೆ ಒಂದು ವರ್ಷದ ನಷ್ಟ, ಅಡಿಕೆ ಮರ ಹೋದರೆ ಮತ್ತೆ ಗಿಡ ನೆಟ್ಟು ಆರೇಳು ವರ್ಷ ಕಾಯಬೇಕು.

ತೋಟದವರು ಕೈಕಟ್ಟಿ ಕೂತಿರಲಿಲ್ಲ. ಗೊನೆಗೊಂದು ಕೊಟ್ಟೆ ಕಟ್ಟುತ್ತಿದ್ದರು. ಅಂದರೆ ಅಡಿಕೆ ಹಾಳೆಯದೋ ಹುಲ್ಲಿನದೋ ಒಂದು ಟೋಪಿ ಮಾಡಿ ಗೊನೆಯ ಮೇಲೆ ಹೊದಿಸುವುದು, ಮಳೆ ನೀರು ಕಾಯಿಗೆ ತಾಗದಂತೆ. ಉಪಾಯ ಒಳ್ಳೆಯದೇ. ಆದರೆ ಸಾವಿರ ಮರಕ್ಕೆ ಸಾವಿರಾರು ಕೊಟ್ಟೆ ಮಾಡಿ, ಮರ ಮರ ಹತ್ತಿ ಕಟ್ಟಬೇಕು. ಕೂಲಿ ಎಷ್ಟಾಯ್ತು ಲೆಕ್ಕ ಹಾಕಿ. ಗಾಳಿಗೆ ಹಾರಿಹೋದರೆ ಅದೂ ದಂಡ.

ಈ ರೋಗದ ಬಗ್ಗೆ ಕೋಲ್ಮನ್‌ರಿಗಿಂತ ಮೊದಲೇ ಬ್ರಿಟಿಷ್ ಸರ್ಕಾರದ ಬಟ್ಲರ್ ಎಂಬ ತಜ್ಞರು ಬರೆದಿದ್ದರು. ಕೋಲ್ಮನ್ ತೋಟಗಳಲ್ಲೇ ಕೂತು ಅದನ್ನು ಪೂರ್ತಿ ಬಿಡಿಸಿದರು. ಇದು ಫೈಟೋಫ್ತೋರಾ ಜಾತಿಯ ಬೂಷ್ಟು ಅಂತ ತೋರಿಸಿ 1910ರಲ್ಲಿ ವರದಿ ಪ್ರಕಟಿಸಿದರು. 1845ರ ಸುಮಾರಿಗೆ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನಾಶಮಾಡಿ ಲಕ್ಷಾಂತರ ಜನರನ್ನು ಹಸಿವಿನಿಂದ ಕೊಂದದ್ದೂ ಇದೇ ಬಳಗದ ಬೂಷ್ಟು.

ಇವರು ಕೊಟ್ಟ ಮದ್ದು ಬೋರ್ಡೋ ದ್ರಾವಣ. ಅದಕ್ಕೂ ಒಂದು ಮಜವಾದ ಹಿನ್ನೆಲೆ ಇದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕಿತ್ತು ತಿನ್ನುತ್ತಿದ್ದರಂತೆ. ವಿಷ ಅಂತ ಹೆದರಲಿ ಎಂದು ತೋಟದವರು ಮೈಲುತುತ್ತ, ಸುಣ್ಣ ಕಲಸಿ ಬಳ್ಳಿಗೆ ಎರಚಿದರು. ಕಳ್ಳರು ಹೆದರಿದರೋ ಇಲ್ಲವೋ, ಎರಚಿದ ಬಳ್ಳಿಗೆ ಮಾತ್ರ ರೋಗ ಬರಲಿಲ್ಲ! ಮಿಲಾರ್ಡೆ ಎಂಬ ಪ್ರೊಫೆಸರು ಅದನ್ನು ಗಮನಿಸಿ 1885ರಲ್ಲಿ ಲೋಕಕ್ಕೆ ಸಾರಿದರು. ಆ ಕಳ್ಳರ ಮದ್ದನ್ನೇ ಕೋಲ್ಮನ್ ನಮ್ಮ ಅಡಿಕೆ ಮರದ ತುದಿಗೆ ಹತ್ತಿಸಿದರು.

ಹೇಳಿದಷ್ಟು ಸುಲಭವಲ್ಲ. ಫ್ರಾನ್ಸಿನ ದ್ರಾಕ್ಷಿಬಳ್ಳಿ ಎದೆಮಟ್ಟ. ಅಡಿಕೆ ಮರ ಆಕಾಶಮಟ್ಟ. ಅಲ್ಲಿಯ ಮಳೆ ತುಂತುರು, ಇಲ್ಲಿಯದು ಕೊಡದಲ್ಲಿ ಸುರಿದ ಹಾಗೆ. ಹೊಡೆದ ಮದ್ದು ಒಂದೇ ಮಳೆಗೆ ತೊಳೆದು ಹೋದರೆ ಏನು ಬಂತು? ಹಾಗಾಗಿ ರಾಳ ಮತ್ತು ಸೋಡಾ ಸೇರಿಸಿ ಅಂಟು ಮಾಡಿ, ಮದ್ದು ಕಾಯಿಗೆ ಕಚ್ಚಿಕೊಳ್ಳುವ ಹಾಗೆ ಮಾಡಿದರು. ಮಳೆಗೆ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಲೆಕ್ಕ ಇವತ್ತಿಗೂ ಅದೇ. ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಕರಗಿಸಿ ಆಮೇಲೆ ಬೆರೆಸಬೇಕು. ಹದ ಸರಿಯಿದೆಯೋ ಇಲ್ಲವೋ ನೋಡಲು ಲ್ಯಾಬೊರೇಟರಿ ಬೇಡ. ಒಂದು ಚಾಕು ಅದ್ದಿ ತೆಗೆದರೆ ಸಾಕು. ಅಲುಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ.

ದುಡ್ಡಿನ ಪ್ರಶ್ನೆ

ಈಗ ಅಂಗಡಿಯವರು ಕೇಳಬೇಕಾದ ಪ್ರಶ್ನೆ. ಇದಕ್ಕೆ ದುಡ್ಡು ಎಲ್ಲಿಂದ?

ಅಡಿಕೆ ಬೆಳೆಗಾರನ ಕೈಯಲ್ಲಿ ಕಾಸು ಓಡಾಡುವುದು ಕೊಯ್ಲು ಮುಗಿದು ಮಂಡಿಗೆ ಮಾಲು ಹೋದಮೇಲೆ. ಮದ್ದು ಹೊಡೆಯಬೇಕಾದದ್ದು ಮೇ ಕೊನೆ, ಜೂನ್ ಮೊದಲು. ಅಷ್ಟರಲ್ಲಿ ಮದುವೆ ಮುಂಜಿ, ಹಳೇ ಸಾಲದ ಬಡ್ಡಿ ಎಲ್ಲ ಮುಗಿದು ಜೇಬು ಬರಿದಾಗಿರುತ್ತದೆ. ಮೈಲುತುತ್ತ ಆಗ ಸೀಮೆಯಿಂದ ಹಡಗಿನಲ್ಲಿ ಬರುವ ಮಾಲು. ಪಂಪು ಬೇರೆ ಬೇಕು, ಮರ ಹತ್ತುವ ಕೊನೆಗೌಡನ ಕೂಲಿ ಬೇರೆ. ಇಷ್ಟೆಲ್ಲ ಖರ್ಚು ಮಾಡಿದ ವರ್ಷ ಮಳೆ ಕಡಿಮೆಯಾಗಿ ರೋಗವೇ ಬರದಿದ್ದರೆ? ಹೊಡೆದವನು ಪೆದ್ದ, ಹೊಡೆಯದವನು ಜಾಣ ಅಂತ ಊರೆಲ್ಲ ನಗುತ್ತದೆ. ರೋಗ ಬಂದ ವರ್ಷ ಯಾರೂ ನಗುವುದಿಲ್ಲ, ಅದು ಬೇರೆ ಮಾತು.

ರೈತ ಹೊಸದನ್ನು ಒಪ್ಪುವುದಿಲ್ಲ, ಹಳೇ ಪದ್ಧತಿಗೆ ಅಂಟಿಕೊಂಡಿರುತ್ತಾನೆ ಅಂತ ಆಗಿನ ಅಧಿಕಾರಿಗಳೂ ಬರೆದರು, ಈಗಿನವರೂ ಭಾಷಣ ಮಾಡುತ್ತಾರೆ. ನನಗೆ ಇದು ಅರ್ಧ ಸತ್ಯ ಅನ್ನಿಸುತ್ತದೆ. ಒಂದೇ ವರ್ಷದ ಫಸಲಿನ ಮೇಲೆ ನಿಂತಿರುವವನು ಹೊಸ ಪ್ರಯೋಗ ಮಾಡಿ ಸೋತರೆ ಅವನ ಮನೆ ಹೋಗುತ್ತದೆ, ಅಧಿಕಾರಿಯ ಸಂಬಳ ಹೋಗುವುದಿಲ್ಲ. ಕಿರಾಣಿ ಅಂಗಡಿಯವರೂ ಹೊಸ ಕಂಪನಿಯ ಸೋಪನ್ನು ಮೊದಲು ಒಂದು ಡಜನ್ ಮಾತ್ರ ತರಿಸುವುದಿಲ್ಲವೇ? ಹಾಗೆಯೇ.

ಕೋಲ್ಮನ್ ಇಲಾಖೆ ಹಿಡಿದ ದಾರಿ ಅಂದರೆ, ತೋಟಗಳಲ್ಲೇ ಮದ್ದು ಹೊಡೆದು ತೋರಿಸುವುದು. ಹೊಡೆದ ಮರದ ಗೊನೆ ನಿಂತಿದೆ, ಪಕ್ಕದ ಹೊಡೆಯದ ಮರದ ಗೊನೆ ಉದುರಿದೆ. ಇದನ್ನು ಓದಬೇಕಾಗಿಲ್ಲ, ಬೇಲಿಯಾಚೆಯಿಂದ ಕತ್ತೆತ್ತಿ ನೋಡಿದರೆ ಸಾಕು. ಮೊದಲ ನಷ್ಟದ ಭಯವನ್ನು ಸರ್ಕಾರ ಹೊತ್ತಿತು. ನಿಧಾನವಾಗಿ ಕೊಟ್ಟೆ ಹಿಂದೆ ಸರಿದು ಪಂಪು ಮುಂದೆ ಬಂತು. ನೂರು ವರ್ಷದ ಮೇಲಾದರೂ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಮೈಲುತುತ್ತದ ಅಂಗಡಿ ಮುಂದೆ ಕ್ಯೂ ನಿಲ್ಲುತ್ತದೆ.

ಇನ್ನೊಂದು ಉದಾಹರಣೆ ಬಯಲುಸೀಮೆಯದು. ಜೋಳ ತಿನ್ನುವ ಮಿಡತೆ. ರೆಕ್ಕೆ ಬೆಳೆಯದ ಈ ಮಿಡತೆ ಹಾರುವುದಿಲ್ಲ, ಕುಪ್ಪಳಿಸುತ್ತದೆ. ಕೋಲ್ಮನ್ ಇದರ ಹುಟ್ಟು ಸಾವು ಪೂರ್ತಿ ಅಭ್ಯಾಸ ಮಾಡಿ 1911ರಲ್ಲಿ ಬರೆದರು. ಕೀಟಶಾಸ್ತ್ರದವರು ಈ ಮಿಡತೆಗೆ ಕೋಲ್ಮೇನಿಯಾ ಅಂತಲೇ ಹೆಸರಿಟ್ಟರು. ಮನುಷ್ಯರಿಗೆ ರಸ್ತೆ, ವೃತ್ತ ಸಿಗುತ್ತವೆ. ಇವರಿಗೆ ಸಿಕ್ಕಿದ್ದು ಮಿಡತೆ! ಹಾರಲಾರದ್ದನ್ನು ಚೀಲ ಎಳೆದು ಹಿಡಿದು ಕೊಲ್ಲಬಹುದು. ಮಣ್ಣಿನಲ್ಲಿರುವ ಮೊಟ್ಟೆಯನ್ನು ಉತ್ತು ಬಿಸಿಲಿಗೆ ಹಾಕಬಹುದು. ಖರ್ಚಿಲ್ಲದ ಉಪಾಯ. ಆದರೆ ನಾನೊಬ್ಬ ಹಿಡಿದು ಪಕ್ಕದವನು ಹಿಡಿಯದಿದ್ದರೆ ಅವನ ಹೊಲದ್ದು ನಡೆದುಕೊಂಡು ನನ್ನ ಹೊಲಕ್ಕೆ ಬರುತ್ತದೆ. ಇಡೀ ಊರು ಒಟ್ಟಿಗೆ ಇಳಿಯಬೇಕು. ಮದ್ದಿಗಿಂತ ಕಷ್ಟದ ಕೆಲಸ ಅದೇ.

ಹೆಬ್ಬಾಳದ ದಿನಗಳು

1913ರಲ್ಲಿ ಕೋಲ್ಮನ್ ಕೃಷಿ ಇಲಾಖೆಯ ಡೈರೆಕ್ಟರಾದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಅದೇ ವರ್ಷ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. ಅದೇ 1946ರಲ್ಲಿ ಕಾಲೇಜಾಯಿತು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯಕ್ಕೆ ಬುನಾದಿಯಾಯಿತು. ಸುಧಾರಿಸಿದ ರಾಗಿ ತಳಿ ಎಚ್-22 ಬಂದದ್ದು ಅಲ್ಲಿಂದಲೇ. ಕಬ್ಬಿನಲ್ಲೂ ಹೆಬ್ಬಾಳದಲ್ಲಿ ತಳಿ ಮಾಡುವ ಕೆಲಸ ನಡೆದು ಎಚ್.ಎಂ. ಎಂಬ ಗುರುತಿನ ಕಬ್ಬುಗಳು ಬಂದವು. ಮರದ ನೇಗಿಲ ಜಾಗಕ್ಕೆ ಕಬ್ಬಿಣದ ನೇಗಿಲು ತರುವ ಪ್ರಯತ್ನವೂ ಆಯಿತು. ಎತ್ತು ಎಳೆಯಲಾರದಷ್ಟು ಭಾರದ ಸೀಮೆ ನೇಗಿಲು ತಂದು ಒಡ್ಡಿದರೆ ಯಾರು ಕೊಳ್ಳುತ್ತಾರೆ? ನಮ್ಮ ಎತ್ತಿಗೆ ತಕ್ಕ ಹಗುರ ನೇಗಿಲು ಬೇಕಾಗಿತ್ತು. ಹಾಗೆ ಬಂದದ್ದೇ ಮೈಸೂರು ನೇಗಿಲು. ಹಳ್ಳಿಯ ಬಡಗಿ ಕಮ್ಮಾರ ರಿಪೇರಿ ಮಾಡಲಾಗದ ಯಂತ್ರ ಹಳ್ಳಿಯಲ್ಲಿ ಉಳಿಯುವುದಿಲ್ಲ. ಈಗಿನ ಟಿಲ್ಲರು, ಡ್ರೋನು ಮಾರುವವರೂ ಇದನ್ನು ಸ್ವಲ್ಪ ಯೋಚಿಸಬಹುದು.

ದೊಡ್ಡರೋಗಕ್ಕೆ ಸೀರಂ ತಯಾರಿಸುವ ಸಂಸ್ಥೆ ಹೆಬ್ಬಾಳದಲ್ಲಿ ಶುರುವಾದದ್ದೂ ಇವರ ಕಾಲದಲ್ಲೇ, 1925ರ ಸುಮಾರಿಗೆ. ಎತ್ತು ಸತ್ತರೆ ರೈತನ ಟ್ರ್ಯಾಕ್ಟರು, ಗೊಬ್ಬರದ ಅಂಗಡಿ, ಬ್ಯಾಂಕು ಮೂರೂ ಒಟ್ಟಿಗೆ ಸತ್ತ ಹಾಗೆ. ಹಾಗಾಗಿ ಇದು ಸಣ್ಣ ಸಂಗತಿಯಲ್ಲ.

ಇವರು ಒಬ್ಬರೇ ಎಲ್ಲ ಮಾಡಿದರು ಅಂತಲ್ಲ. ಕೀಟದ ಕಡೆ ಕುಂಞಿ ಕಣ್ಣನ್, ರೋಗದ ಕಡೆ ವೆಂಕಟರಾವ್, ಎಂ.ಜೆ. ನರಸಿಂಹನ್ ಎಂಬ ನಮ್ಮವರೇ ಇದ್ದರು. ಕೋಲ್ಮನ್ ಇವರ ಹೆಸರನ್ನು ತಮ್ಮ ಹೆಸರಿನ ಜೊತೆ ಹಾಕಿ ವರದಿ ಪ್ರಕಟಿಸಿದರು. ಬಿಳಿಯ ಸಾಹೇಬರ ಕಾಲದಲ್ಲಿ ಇದು ಎಲ್ಲರೂ ಮಾಡುತ್ತಿದ್ದ ಕೆಲಸವಲ್ಲ.

ಕಾಫಿಯ ಮಾತು ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಅದು ಹಡಗು ಹತ್ತುವ ಬೆಳೆ. ಲಂಡನ್ ಪೇಟೆಯಲ್ಲಿ ದರ ಬಿದ್ದರೆ ಚಿಕ್ಕಮಗಳೂರಿನಲ್ಲಿ ಕೂಲಿ ನಿಲ್ಲುತ್ತಿತ್ತು. ಎಲೆ ತುಕ್ಕು, ಕೊಳೆ, ಕಾಂಡ ಕೊರೆಯುವ ಹುಳು ಇವು ಮೂರೂ ಸೇರಿ ತೋಟಗಳನ್ನು ಹಿಂಡುತ್ತಿದ್ದವು. 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕವಾಗಿ ಒಂದು ಸಂಶೋಧನಾ ಘಟಕ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಯಂ ಕೇಂದ್ರ ಸ್ಥಾಪನೆಯಾಯಿತು. ಅಲ್ಲಿಂದ ಮುಂದೆ ಬಂದ ಎಸ್.795 ಎಂಬ ಅರೇಬಿಕಾ ತಳಿಯ ಬೀಜ ಇವತ್ತಿಗೂ ತೋಟಗಳಲ್ಲಿದೆ. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ಬೆಳೆಯುವುದು ಕರ್ನಾಟಕದಲ್ಲಿ, ಅದರಲ್ಲಿ ಬಹುಪಾಲು ಹೋಗುವುದು ಪರದೇಶಕ್ಕೆ. ಆ ವ್ಯಾಪಾರದ ಬೇರಿನಲ್ಲಿ ಬಾಳೆಹೊನ್ನೂರಿನ ಆ ಕೇಂದ್ರವೂ ಇದೆ.

ನೀರು ಬಂತು, ಮುಂದೇನು?

ಈಗ ನಮ್ಮ ಊರಿಗೆ ಬರೋಣ.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಎರಡು ದಶಕ ನಡೆಯಿತು. ಸಂಸ್ಥಾನ ಕೋಟಿಗಟ್ಟಲೆ ಸುರಿಯಿತು. ವೈಸರಾಯ್ ಇರ್ವಿನ್ ಹೆಸರಿನ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹರಿಯುವ ಹೊತ್ತಿಗೆ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಅದೇ ನಾಲೆಗೆ ಈಗ ವಿಶ್ವೇಶ್ವರಯ್ಯ ನಾಲೆ ಅಂತ ಹೆಸರು. ಮಂಡ್ಯ ಆಗ ಜಿಲ್ಲೆಯೂ ಅಲ್ಲ, ಮೈಸೂರು ಜಿಲ್ಲೆಯ ಒಂದು ಭಾಗ. ಜಿಲ್ಲೆಯಾದದ್ದು 1939ರಲ್ಲಿ.

ನಾಲೆ ಬಂದ ಕಾಲ ಎಂಥದ್ದು ನೋಡಿ. 1929ರಲ್ಲಿ ಅಮೆರಿಕದ ಷೇರು ಪೇಟೆ ಕುಸಿದು ಲೋಕದಲ್ಲೆಲ್ಲ ಧಾನ್ಯದ ಬೆಲೆ ಪಾತಾಳ ಸೇರಿತ್ತು. ನಮ್ಮ ರೈತ ಮಳೆ ನೋಡಿ ರಾಗಿ ಬೆಳೆಯುವವನು. ರಾಗಿ ಮಾರಿ ನೀರಿನ ಕಂದಾಯ ಕಟ್ಟು ಅಂದರೆ ಹೇಗೆ ಕಟ್ಟಿಯಾನು? ಎಲ್ಲರೂ ಭತ್ತ ಹಾಕಿದರೆ ನೀರು ನಾಲೆಯ ತುದಿ ಮುಟ್ಟುವುದಿಲ್ಲ, ಭತ್ತದ ಬೆಲೆಯೂ ಇನ್ನಷ್ಟು ಬೀಳುತ್ತದೆ. ಸಂಸ್ಥಾನದ ಬೊಕ್ಕಸಕ್ಕೆ ಹಾಕಿದ ದುಡ್ಡಿನ ಬಡ್ಡಿಯಾದರೂ ಬರಬೇಕು. ಅಂದರೆ ನಗದು ಬೆಳೆ ಬೇಕು. ಅದಕ್ಕೆ ಬಾಗಿಲ ಬಳಿಯೇ ಗಿರಾಕಿ ಬೇಕು.

ನಾಲೆ ಸೀಮೆಯಲ್ಲಿ ಪ್ರಯೋಗಕ್ಕೆಂದು 1931ರಲ್ಲಿ ಒಂದು ಫಾರಂ ಮಾಡಿದರು. ಅದೇ ಈಗಿನ ವಿ.ಸಿ. ಫಾರಂ. ಯಾವ ಕಬ್ಬು ಇಲ್ಲಿಯ ಮಣ್ಣಿಗೆ ಒಗ್ಗುತ್ತದೆ, ಎಷ್ಟು ನೀರು ಬೇಕು, ಯಾವ ಗೊಬ್ಬರ ಎಂದು ಅಲ್ಲಿ ನೋಡಿದರು. ನಾಲೆಗೆ ಬ್ಲಾಕ್ ಪದ್ಧತಿ ತಂದರು. ಜಮೀನನ್ನು ಬ್ಲಾಕುಗಳಾಗಿ ಮಾಡಿ ಒಂದು ಪಾಲಿಗೆ ಕಬ್ಬು, ಒಂದು ಪಾಲಿಗೆ ಭತ್ತ, ಇನ್ನೊಂದು ಪಾಲಿಗೆ ಕಡಿಮೆ ನೀರಿನ ಬೆಳೆ, ಮೂರು ವರ್ಷಕ್ಕೊಂದು ಸುತ್ತು. ಕಾಗದದ ಮೇಲೆ ಬಹಳ ಚೆಂದ. ನಿಜಕ್ಕೂ ಹೇಳಬೇಕೆಂದರೆ ಈ ಸುತ್ತು ರೈತನ ಇಷ್ಟಕ್ಕಿಂತ ಇಂಜಿನಿಯರ ಕೋಷ್ಟಕದ ಪ್ರಕಾರ ತಿರುಗುವಂಥದ್ದು. ಮುಂದೆ ಅದು ಸಡಿಲವಾಗಿ, ತಲೆಯ ಕಡೆಯವನು ಕುಡಿದು ಕೊನೆಯ ಕಡೆಯವನು ಬಾಯಿ ಒಣಗಿಸಿಕೊಳ್ಳುವ ಜಗಳ ನಾಲೆಯುದ್ದಕ್ಕೂ ಬಂತು. ಆ ಜಗಳ ನಮ್ಮ ಕಚೇರಿಗೆ ಈಗಲೂ ಅರ್ಜಿಯ ರೂಪದಲ್ಲಿ ಬರುತ್ತದೆ.

ಇನ್ನು ಗಿರಾಕಿ. ಆ ಕಾಲಕ್ಕೆ ಇಂಡಿಯಾದ ಪೇಟೆಯಲ್ಲಿ ಬಿಳಿ ಸಕ್ಕರೆ ಅಂದರೆ ಜಾವಾ ಸಕ್ಕರೆ. ಹಡಗಿನಲ್ಲಿ ಬಂದು ಬೀಳುತ್ತಿತ್ತು, ಇಲ್ಲಿ ಮಾಡುವುದಕ್ಕಿಂತ ಅಗ್ಗ. 1932ರಲ್ಲಿ ಬ್ರಿಟಿಷ್ ಸರ್ಕಾರ ಸಕ್ಕರೆ ಉದ್ಯಮಕ್ಕೆ ರಕ್ಷಣೆ ಕೊಡುವ ಕಾಯ್ದೆ ತಂದು ಆಮದು ಸಕ್ಕರೆಗೆ ಹಂಡ್ರೆಡ್‌ವೇಟಿಗೆ 7 ರೂಪಾಯಿ 4 ಆಣೆ ಸುಂಕ, ಮೇಲೆ ಸರ್ಚಾರ್ಜು ಹಾಕಿತು. ಬಾಗಿಲು ಮುಚ್ಚಿದ ಕೂಡಲೇ ಒಳಗೆ ಕಾರ್ಖಾನೆಗಳು ಅಣಬೆಯಂತೆ ಎದ್ದವು. ದೇಶದಲ್ಲಿ ಸುಮಾರು ಮೂವತ್ತಿದ್ದವು ನಾಲ್ಕೈದು ವರ್ಷದಲ್ಲಿ ನೂರ ಮೂವತ್ತಾದವು.

ಆ ಗಾಳಿ ಬೀಸುವಾಗ ತೂರಿಕೊಂಡವರಲ್ಲಿ ಮೈಸೂರಿನವರೂ ಇದ್ದರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ನಮ್ಮ ಮೈಷುಗರ್. ಅದನ್ನು ಕಟ್ಟುವುದರಲ್ಲಿ ಮುಂದೆ ನಿಂತವರು ಕೋಲ್ಮನ್. ಮರುವರ್ಷ ಕಬ್ಬು ಅರೆಯುವುದು ಶುರುವಾಯಿತು. ಸರ್ಕಾರದ ಬಂಡವಾಳ, ಜೊತೆಗೆ ಜನರ ಷೇರು. ಕಬ್ಬು ಬೆಳೆಯುವವನೂ ಷೇರುದಾರ ಆಗಬಹುದು. ಸಾವಿರಾರು ಮಂದಿ ರೈತರು ಆದರು. ಎಷ್ಟೋ ಮನೆಗಳ ಟ್ರಂಕಿನಲ್ಲಿ ಆ ಷೇರು ಪತ್ರ ಇವತ್ತೂ ಅರಿಶಿನ ಬಣ್ಣಕ್ಕೆ ತಿರುಗಿ ಕೂತಿದೆ.

ಆದರೆ ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುವುದು ಷೇರಲ್ಲ, ಮುಂಗಡ. ಕಬ್ಬು ನಾಟಿಯಿಂದ ಕಟಾವಿಗೆ ಹನ್ನೆರಡು ಹದಿನಾಲ್ಕು ತಿಂಗಳು. ರಾಗಿಯಾದರೆ ನಾಲ್ಕು ತಿಂಗಳಿಗೆ ಕಣಜಕ್ಕೆ ಬರುತ್ತದೆ, ಮಾರದಿದ್ದರೆ ಮುದ್ದೆಯಾದರೂ ಆಗುತ್ತದೆ. ಕಬ್ಬನ್ನು ಮುದ್ದೆ ಮಾಡಲಾಗುತ್ತದೆಯೇ? ಬಿತ್ತನೆ, ಗೊಬ್ಬರ, ಕೂಲಿ ಎಲ್ಲ ಮೊದಲೇ ಸುರಿದು ವರ್ಷವಿಡೀ ಕಾಯಬೇಕು. ಸಣ್ಣ ರೈತ ಅದನ್ನು ಸಾಹುಕಾರನ ಬಡ್ಡಿಯಲ್ಲಿ ಮಾಡಿದರೆ ಕಬ್ಬು ಕಡಿಯುವ ಹೊತ್ತಿಗೆ ಕಬ್ಬೂ ಅವನದಲ್ಲ, ಹೊಲವೂ ಅವನದಲ್ಲ. ಕಾರ್ಖಾನೆ ರೈತನ ಜೊತೆ ಇಷ್ಟು ಎಕರೆಗೆ ಅಂತ ಒಪ್ಪಂದ ಮಾಡಿಕೊಂಡು, ಬೆಳೆಯ ಖರ್ಚಿಗೆ ಮುಂಗಡ ಕೊಟ್ಟು, ಕಬ್ಬು ಬಂದಾಗ ಬಿಲ್ಲಿನಲ್ಲಿ ಹಿಡಿದುಕೊಳ್ಳುವ ಏರ್ಪಾಡು ಬೆಳೆಯಿತು. ಕೊಡುವವನೂ ಅವನೇ, ಕೊಳ್ಳುವವನೂ ಅವನೇ, ಹಾಗಾಗಿ ವಸೂಲಿಗೆ ಅಮೀನನನ್ನು ಕಳಿಸಬೇಕಾಗಿಲ್ಲ. ಇದಕ್ಕೂ ಮುಂಚೆ 1894ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಸಂಸ್ಥಾನ ರೈತರಿಗಾಗಿ ಕೃಷಿ ಬ್ಯಾಂಕುಗಳನ್ನು ತೆರೆದು, ಕೊಟ್ಟ ಸಾಲ ವಾಪಸು ಬಾರದೆ ಕೈಸುಟ್ಟುಕೊಂಡಿತ್ತು. ಸಾಲದ ಹಿಂದೆ ಬೆಳೆಯೂ, ಬೆಳೆಯ ಹಿಂದೆ ಗಿರಾಕಿಯೂ ಇದ್ದರೆ ಕತೆ ಬೇರೆ.

ಇದರ ಇನ್ನೊಂದು ಮುಖವೂ ಉಂಟು. ಕೊಡುವವನೂ ಕೊಳ್ಳುವವನೂ ಒಬ್ಬನೇ ಆದಾಗ ಅವನು ಕೈಕೊಟ್ಟರೆ ರೈತನಿಗೆ ಎರಡೂ ಕಡೆಯಿಂದ ಪೆಟ್ಟು. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ನಾನು ಪಿ.ಯು.ಸಿ. ಓದುತ್ತಿದ್ದಾಗ ನಮ್ಮ ತಂದೆ ಬೇರೆ ಜಿಲ್ಲೆಯ ಒಂದು ಕಾರ್ಖಾನೆಗೆ ಕಬ್ಬು ಹೊಡೆದಿದ್ದರು. ಹೆಸರು ಬೇಡ. 14 ದಿನ ಹೋಗಿ 14 ತಿಂಗಳಾಯಿತು. ಫೀಸಿನ ಕೊನೆ ದಿನ ಕಾಯುವುದಿಲ್ಲವಲ್ಲ, ನನ್ನ ಕಾಲೇಜು ಅಲ್ಲಿಗೆ ಮುಗಿಯಿತು. ಹಣ ಆಮೇಲೆ ಬಂತು ಬಿಡಿ, ಬಡ್ಡಿ ಇಲ್ಲದೆ. ಹಾಗಾಗಿ ಕಬ್ಬಿನ ಲೆಕ್ಕ ಬರೆಯುವಾಗ ನನ್ನ ಕೈ ಸ್ವಲ್ಪ ಗಟ್ಟಿಯಾಗಿ ಊರುತ್ತದೆ, ಓದುಗರು ಮನ್ನಿಸಬೇಕು.

ರಫ್ತಿನ ಮಾತೂ ಹಾಗೆಯೇ. ಜಾವಾ ಸಕ್ಕರೆ ತಿನ್ನುತ್ತಿದ್ದ ದೇಶ 2021-22ರಲ್ಲಿ ಸುಮಾರು 110 ಲಕ್ಷ ಟನ್ ಸಕ್ಕರೆಯನ್ನು ಹೊರದೇಶಕ್ಕೆ ಕಳಿಸಿತು. ಮರುವರ್ಷ ಸರ್ಕಾರ ಮಿತಿ ಹಾಕಿತು, 2023-24ರಲ್ಲಿ ಬಾಗಿಲನ್ನೇ ಹಾಕಿತು. ಪೇಟೆಯಲ್ಲಿ ಸಕ್ಕರೆ ಅಗ್ಗ ಇರಬೇಕು ಅಂತ ಊರಿನವನಿಗೆ ಆಸೆ, ಕಬ್ಬಿಗೆ ಬೆಲೆ ಬರಬೇಕು ಅಂತ ಹಳ್ಳಿಯವನಿಗೆ ಆಸೆ. ನಡುವೆ ಬಾಗಿಲು ತೆಗೆದು ಹಾಕುವ ಕೆಲಸ ದಿಲ್ಲಿಯದು. 1932ರಲ್ಲೂ ಮಂಡ್ಯದ ಭವಿಷ್ಯ ತೀರ್ಮಾನವಾದದ್ದು ದಿಲ್ಲಿಯ ಒಂದು ಸುಂಕದ ಕಾಗದದ ಮೇಲೆಯೇ. ಕೋಲ್ಮನ್ ಗಿಡ ತಂದರು, ಫಾರಂ ಮಾಡಿದರು, ಮಿಲ್ಲು ನಿಲ್ಲಿಸಿದರು. ಆ ಸುಂಕ ಇಲ್ಲದಿದ್ದರೆ ಎಲ್ಲವೂ ಜಾವಾ ಸಕ್ಕರೆಯಲ್ಲಿ ಕರಗಿಹೋಗುತ್ತಿತ್ತು.

ಹೋದಮೇಲೆ

ಕಾರ್ಖಾನೆಯ ಚಿಮಣಿಯಲ್ಲಿ ಹೊಗೆ ಎದ್ದ ವರ್ಷವೇ, ಅಂದರೆ 1934ರಲ್ಲಿ, ಕೋಲ್ಮನ್ ನಿವೃತ್ತರಾಗಿ ಕೆನಡಾಕ್ಕೆ ಹೋದರು. ಟೊರಾಂಟೋದಲ್ಲಿ ಗಿಡಗಳ ವೈರಸ್ ಕುರಿತು ಕೆಲಸ ಮಾಡಿದರು. 1954ರಲ್ಲಿ ತಮ್ಮ 76ನೇ ವಯಸ್ಸಿನಲ್ಲಿ ಕೆನಡಾದಲ್ಲೇ ತೀರಿಕೊಂಡರು.

ಅದೇ 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಅರ್ಥಶಾಸ್ತ್ರ ಓದಿದ ಹೆಣ್ಣುಮಗಳು ಇಂಗ್ಲೆಂಡಿನಿಂದ ಬಂದು ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಎರಡು ವರ್ಷ ಉಳಿದರು. ನಾಲೆ ಮತ್ತು ಕಬ್ಬು ಬಂದ ಮೇಲೆ ಜನ ಏನಾದರು ಅಂತ ನೋಡಲು. ಹಳ್ಳಿಗಳ ನಿಜ ಹೆಸರು ಮರೆಮಾಚಿ ವಂಗಲ, ದಲೇನ ಅಂತ ಕರೆದು 1962ರಲ್ಲಿ ಪುಸ್ತಕ ಮಾಡಿದರು. ಅವರು ಕಂಡದ್ದು ಕುತೂಹಲದ್ದು. ನೀರು ಸಿಕ್ಕ ವಂಗಲದವರು ಕಬ್ಬನ್ನು ಒಪ್ಪಿಕೊಂಡರು. ಆದರೆ ಜಪಾನ್ ಮಾದರಿ ಭತ್ತದ ನಾಟಿ ಮಾಡಿ ಅಂತ ಇಲಾಖೆ ಬೆನ್ನು ಬಿದ್ದರೂ ಒಪ್ಪಲಿಲ್ಲ. ಕಬ್ಬು ಹೊಸ ಬೆಳೆ, ಅದಕ್ಕೆ ಹಳೇ ಕಟ್ಟುಪಾಡು ಇರಲಿಲ್ಲ. ಭತ್ತದ ನಾಟಿಗೆ ಹೆಂಗಸರ ಗುಂಪು, ಅವರಿಗೆ ಕೊಡುವ ರೂಢಿಯ ಕೂಲಿ, ಯಾರು ಯಾರ ಗದ್ದೆಗೆ ಎಂಬ ಲೆಕ್ಕ ಎಲ್ಲ ತಲೆಮಾರಿನಿಂದ ಇತ್ತು. ಹೊಸ ನಾಟಿಗೆ ಕೆಲಸ ಜಾಸ್ತಿ, ರೂಢಿಯ ಕೂಲಿ ಅಷ್ಟೇ. ಒಂದೇ ಊರಿನ ಒಂದೇ ರೈತ ಒಂದು ಕಡೆ ಹೊಸಬ, ಇನ್ನೊಂದು ಕಡೆ ಹಳಬ!

ಇನ್ನೊಂದು ಹಳ್ಳಿ ದಲೇನ. ನಾಲೆ ಪಕ್ಕದಲ್ಲೇ ಹರಿದರೂ ಎತ್ತರದಲ್ಲಿದ್ದ ಕಾರಣ ಅದಕ್ಕೆ ನೀರು ಹತ್ತಲಿಲ್ಲ. ಪಾಪ, ಕೆಟ್ಟಿತು ಅಂದುಕೊಂಡರೆ ಅಲ್ಲಿಯವರು ಮಂಡ್ಯಕ್ಕೆ ನೌಕರಿಗೆ ಬಂದರು, ಪಕ್ಕದ ಊರಿನಲ್ಲಿ ನೀರಾವರಿ ಜಮೀನು ಕೊಂಡರು, ಸಣ್ಣಪುಟ್ಟ ವ್ಯಾಪಾರ ಹಿಡಿದರು. ಬದಲಾವಣೆ ಜಾಸ್ತಿ ಆದದ್ದು ನೀರಿಲ್ಲದ ಊರಿನಲ್ಲೇ ಅಂತ ಆಕೆ ಬರೆದರು. ಇವತ್ತು ಬೆಳಗಿನ ಬಸ್ಸಿನಲ್ಲಿ ಟಿಫನ್ ಬಾಕ್ಸು ಹಿಡಿದು ಮಂಡ್ಯಕ್ಕೆ ಬರುವವರಲ್ಲಿ ಅಂಥ ಊರಿನವರ ಮೊಮ್ಮಕ್ಕಳು ಎಷ್ಟೋ ಜನ ಇದ್ದಾರು.

ಕಾರ್ಖಾನೆ ಮುಂದೆ ಏಳು ಬೀಳು ಕಂಡದ್ದು ಓದುಗರಿಗೆ ಗೊತ್ತೇ ಇದೆ. ನಷ್ಟ, ಯಂತ್ರ ಕೆಟ್ಟದ್ದು, ಖಾಸಗಿಗೆ ಕೊಡುವ ಮಾತು, ಅದರ ವಿರುದ್ಧ ಧರಣಿ, ವರ್ಷಗಟ್ಟಲೆ ನಿಂತ ಗಾಣ. 2022ರಲ್ಲಿ ಸರ್ಕಾರದ ಕೈಯಲ್ಲೇ ಮತ್ತೆ ಅರೆಯಲು ಶುರುವಾಯಿತು. ನಿಂತಿದ್ದ ವರ್ಷಗಳಲ್ಲಿ ಕಬ್ಬನ್ನು ಬೇರೆ ಕಡೆಗೆ ಸಾಗಿಸಿದ ರೈತನಿಗೆ ಲಾರಿ ಬಾಡಿಗೆ ಎಷ್ಟು ಬಿತ್ತು, ಆಲೆಮನೆಗೆ ಕೊಟ್ಟವನಿಗೆ ಎಷ್ಟು ಕೈಗೆ ಸಿಕ್ಕಿತು ಎಂಬ ಲೆಕ್ಕ ಅವರವರ ಮನೆಯಲ್ಲೇ ಉಳಿದಿದೆ.

ವಿ.ಸಿ. ಫಾರಂನಲ್ಲಿ ಈಗ ಕೃಷಿ ಕಾಲೇಜಿದೆ, ಕಬ್ಬು, ಭತ್ತ, ರಾಗಿ ತಳಿಗಳ ಕೆಲಸ ನಡೆಯುತ್ತಿದೆ. ಕಂಡಕ್ಟರು ವಿ.ಸಿ. ಫಾರಂ ಅಂತ ಕೂಗಿದಾಗ ಇಳಿಯುವ ಹುಡುಗರನ್ನು ವಿ.ಸಿ. ಅಂದರೆ ಏನಪ್ಪಾ ಅಂತ ಕೇಳಿದೆ. ವಿಶ್ವೇಶ್ವರಯ್ಯ ಕೆನಾಲ್ ಅಂತ ಮೂವರೂ ಸರಿಯಾಗಿ ಹೇಳಿದರು. ಕೋಲ್ಮನ್ ಯಾರು ಅಂತ ಕೇಳಿದ್ದಕ್ಕೆ ಒಬ್ಬ ಮಾತ್ರ, ಅಡಿಕೆ ಕೊಳೆರೋಗದವರಲ್ವಾ ಸಾರ್ ಅಂದ. ತೀರ್ಥಹಳ್ಳಿ ಕಡೆಯ ಹುಡುಗನಂತೆ.